ಹಳದಿ ದೀಪಕ್ಕೆ ಹೆದರಿದ ಒಲೀನಾ

ಒಲೀನಾ ಹ್ರಿಟ್ಸಾಕ್ ಸಸ್ಕ್ಯಾಚೆವಾನ್ ಬಯಲಿನ ಊರೂರು ಸುತ್ತಿ ಪಿಯಾನೋಗಳಿಗೆ ಶ್ರುತಿ ಕೂಡಿಸುವವಳು. ಅರವತ್ತೆರಡರ ಒಂಟಿ ಜೀವ. ಜನರ ಮನೆಯೊಳಗೆ ಕಾಲಿಡಲು ಅವಳಿಗಿದ್ದ ನೆಪ ಪಿಯಾನೋ ಒಂದೇ. ಕೆಲಸ ಮುಗಿದ ಮೇಲೆ ಕಾಫಿ, ಒಂದಿಷ್ಟು ಮಾತು. ಅಷ್ಟೇ ಅವಳ ನೆಂಟಸ್ತಿಕೆ. ಕಣಿವೆಯಾಚೆಯ ಮುದುಕಿ ಥೆಲ್ಮಾಳ ಮನೆಯಲ್ಲಿ ಮಾತ್ರ ಆ ಕಾಫಿ ಊಟದವರೆಗೂ ಎಳೆಯುತ್ತಿತ್ತು.

ಹಳೆಯ ಟ್ರಕ್ಕು ಕೈಕೊಟ್ಟಿದ್ದರಿಂದ ಚಳಿಗಾಲದ ಮೊದಲಲ್ಲಿ ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ಕೊಂಡಳು. ಡಿಸೆಂಬರಿನಲ್ಲಿ ಥೆಲ್ಮಾಳ ಮನೆಗೆ ಹೊರಟಾಗ, ಕಣಿವೆಯ ಏರಿನ ಹಿಮದಲ್ಲಿ, ಸ್ಟೀರಿಂಗಿನ ಹಿಂದೆ ಹಳದಿ ದೀಪ ಮಿನುಗತೊಡಗಿತು: ಪುಟ್ಟ ಕಾರು, ಅದರ ಕೆಳಗೆ ಎರಡು ಸೊಟ್ಟ ಗೆರೆ. ಮುಂದೆ ಹೋಗಬೇಡ ಎನ್ನುತ್ತಿದೆ ಎಂದುಕೊಂಡು ಹಿಂದಿರುಗಿದಳು. ಜನವರಿಯಲ್ಲೂ ಹಾಗೆಯೇ ಆಯಿತು. ಆಮೇಲೆ ಏರುದಾರಿಯ ಮನೆಗಳಿಗೆಲ್ಲ ಬರಲಾಗದು ಅಂದುಬಿಟ್ಟಳು. ಎಷ್ಟೋ ದಿನ ರೇಡಿಯೋ ಬಿಟ್ಟರೆ ಬೇರೆ ದನಿ ಅವಳ ಕಿವಿಗೆ ಬೀಳಲಿಲ್ಲ.

ಮಾರ್ಚಿನಲ್ಲಿ ದೀಪ ಮಿನುಗುವುದು ಬಿಟ್ಟು ಉರಿಯುತ್ತಲೇ ಉಳಿಯಿತು. ಕಾರನ್ನು ಗ್ಯಾರೇಜಿಗೆ ಒಯ್ದಳು. ಅಲ್ಲಿನ ಆರ್ನಿ ಅವಳ ಹಳೆಯ ಸಹಪಾಠಿ. ಚಕ್ರದ ಒಳಬದಿಯಲ್ಲಿ ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪಿನಿಂದ ಸವೆದು ತುಂಡಾಗಿದ್ದ ತಂತಿಯನ್ನು ಅವನು ತೋರಿಸಿದ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬ ಸುದ್ದಿ ಬರುವುದು ಅದರಿಂದ; ಸುದ್ದಿ ನಿಂತರೆ ಕಾರು, ತಾನು ಜಾರುವುದನ್ನು ತಡೆಯುವ ಕೆಲಸ ಕೈಬಿಟ್ಟು ದೀಪ ಹೊತ್ತಿಸಿಡುತ್ತದೆ ಎಂದ.

"ಹಾಗಾದ್ರೆ ಮೊದ್ಲು ಮಿನುಗ್ತಾ ಇದ್ದದ್ದು?"

"ಆಗ ಅದು ಕೆಲ್ಸ ಮಾಡ್ತಿತ್ತು ಕಣೇ. ಒಂದು ಚಕ್ರ ಹಿಡಿತ ತಪ್ಪಿ ಸುಮ್ನೆ ಸುತ್ತೋಕೆ ಶುರುಮಾಡಿದ್ರೆ ಅದಕ್ಕೆ ಬ್ರೇಕ್ ಹಾಕುತ್ತೆ, ಎಂಜಿನ್ ಜೋರನ್ನೂ ತಗ್ಗಿಸುತ್ತೆ. ನಾನ್ ಹಿಡ್ಕೊಂಡಿದೀನಿ, ನೀನು ನಿಧಾನಕ್ಕೆ ಹೋಗು ಅಂತ ಅದರರ್ಥ. ನೀನೇನ್ ಅಂದ್ಕೊಂಡಿದ್ದೆ?"

ಒಲೀನಾ ಕೈಗವಸು ಹಾಕಿಕೊಂಡಳು.

ತಂತಿ ಬದಲಾಯಿಸಿದ ಮರುದಿನವೇ ಕಣಿವೆಗೆ ಹೋದಳು. ಏರಿನಲ್ಲಿ ದೀಪ ಮಿನುಗಿತು. ಕಾಲನ್ನು ಹಗುರವಾಗಿಟ್ಟಳು, ಕಾರು ಗೊಣಗುತ್ತ, ತಡವರಿಸುತ್ತ ಹತ್ತಿಯೇಬಿಟ್ಟಿತು.

ಥೆಲ್ಮಾಳ ಮೆಟ್ಟಿಲ ಮೇಲಿನ ಹಿಮದಲ್ಲಿ ಹೆಜ್ಜೆ ಗುರುತಿರಲಿಲ್ಲ. ಫೆಬ್ರವರಿಯಲ್ಲೇ ಮಗಳು ಬಂದು ಅವಳನ್ನು ರಿಜೈನಾ ನಗರಕ್ಕೆ ಕರೆದೊಯ್ದಳೆಂದು ಪಕ್ಕದ ತೋಟದ ಮುದುಕ ಹೇಳಿದ. ಪಿಯಾನೋವನ್ನು ಊರಿನ ಶಾಲೆಗೆ ಕೊಟ್ಟರಂತೆ.

"ನೀನ್ ಬರ್ತೀಯ ಅಂತ ಕಾಯ್ತಿದ್ಳು," ಎಂದು ವಿಳಾಸ ಬರೆದುಕೊಟ್ಟ.

ಪಿಯಾನೋ ಇಲ್ಲದ ಮನೆಯ ಬಾಗಿಲನ್ನು ಒಲೀನಾ ಎಂದೂ ತಟ್ಟಿದವಳಲ್ಲ. ಹೋಗಿ ಏನೆಂದು ಹೇಳುವುದು ಎಂದು ವಾರವಿಡೀ ಯೋಚಿಸಿದಳು, ಏನೂ ಹೊಳೆಯಲಿಲ್ಲ. ಶನಿವಾರ ಬೆಳಿಗ್ಗೆ ಗಸಗಸೆ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಿಜೈನಾದ ದಾರಿ ಹಿಡಿದಳು.