ಡೆಲ್ಫೀನಾ ಮೇಡಮ್ಮೂ ನಮ್ಮ ಸೋಫಾವೂ

ಬೆಳಿಗ್ಗೆ ಪಕ್ಕದ ಮನೆಯವರು ಒಣಮೆಣಸು ಹುರಿಯುತ್ತಿದ್ದರು. ಘಾಟು ಕಿಟಕಿ ದಾಟಿ ಬಂದು ನನ್ನ ಗಂಟಲಲ್ಲಿ ಕೂತಿತು. ಇಂಥ ಹೊತ್ತಿನಲ್ಲಿ ಕರಾವಳಿಯ ಹೆಂಗಸಿಗೆ ಅಮ್ಮನ ನೆನಪೋ ಕೋರಿರೊಟ್ಟಿಯ ನೆನಪೋ ಆಗಬೇಕು. ನನಗೆ ಮಾತ್ರ ಕೆಮ್ಮಿನ ಜೊತೆಗೇ ಒಬ್ಬ ಅಮೆರಿಕನ್ ಹೆಂಗಸಿನ ನೆನಪಾಗುತ್ತದೆ. ಮೆಣಸನ್ನು ಅವಳಷ್ಟು ಧೈರ್ಯದಿಂದ ಹುರಿದವರನ್ನು ನಾನು ಮಂಗಳೂರಿನಲ್ಲೂ ಕಂಡಿಲ್ಲ. ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ಅವಳ ಬಾಣಲೆ ಕಾದರೆ ಪಕ್ಕದ ವಿಲ್ಲಾದವರು ಹೊರಗೆ ಬಂದು ಬಿಸಿಲಲ್ಲಿ ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಅದೇ ಊರಿನ ದೋಹಾ ಅಲ್ ಜದೀದಾ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು ಇಂಗ್ಲಿಷ್ ಮೀಡಿಯಂ ಶಾಲೆಯೊಂದರ ಆಫೀಸಿನಲ್ಲಿ ಟೈಪಿಸ್ಟು. ಅಮೆರಿಕದಿಂದ ಹೊಸ ಟೀಚರ್ ಬರುತ್ತಾಳೆ ಎಂದಾಗ ನಾವೆಲ್ಲ ಒಂದು ಬಿಳಿ ಮುಖವನ್ನು ಮನಸ್ಸಿನಲ್ಲೇ ತಯಾರು ಮಾಡಿಟ್ಟುಕೊಂಡಿದ್ದೆವು. ಬಂದವಳು ನನ್ನದೇ ಬಣ್ಣದವಳು, ಉದ್ದ ಜಡೆ, ಹೆಸರು ಡೆಲ್ಫೀನಾ. ನಮ್ಮ ಮಂಗಳೂರಿನ ಅಕೌಂಟೆಂಟ್ ಬಾಯಿ ತಡೆಯಲಾರದೆ ಕೊಂಕಣಿಯಲ್ಲಿ "ನಿಮ್ಮ ಇಗರ್ಜಿ ಯಾವುದು?" ಎಂದು ಕೇಳಿಯೇಬಿಟ್ಟರು. ಬಜಪೆಯ ಚರ್ಚೋ ಬೆಂದೂರಿನದೋ ಎಂಬಷ್ಟೇ ಅವರ ಸಂಶಯ.

ಕೇಳಿದ್ದೇನೆಂದು ನಾನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಅವಳು ನಕ್ಕು, ತಾನು ಚಿಕಾನಾ ಎಂದಳು. ಅಜ್ಜ ಮೆಕ್ಸಿಕೊದವನು, ಅವಳು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. "ಅಮೆರಿಕದಲ್ಲಿ ನನ್ನನ್ನು ಹೊರಗಿನವಳು ಅನ್ನುತ್ತಾರೆ, ಮೆಕ್ಸಿಕೊಗೆ ಹೋದರೆ ಅವರೂ ಹಾಗೇ ಅನ್ನುತ್ತಾರೆ. ಅದಕ್ಕೆ ನಮ್ಮಂಥವರು ನಮಗೆ ನಾವೇ ಒಂದು ಹೆಸರು ಇಟ್ಟುಕೊಂಡಿದ್ದೇವೆ." ಮನೆಯಲ್ಲಿ ತುಳು, ಊರಿಗೆ ಬರೆಯುವ ಕಾಗದಕ್ಕೆ ಕನ್ನಡ, ಆಫೀಸಿಗೆ ಇಂಗ್ಲಿಷು, ತರಕಾರಿ ಅಂಗಡಿಗೆ ಮಲಯಾಳ ಎಂದು ಬದುಕುತ್ತಿದ್ದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳ ನಿಜವಾದ ಕಸುಬು ಸಾಕ್ಷ್ಯಚಿತ್ರ. ತಾಯಿ ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವಳಂತೆ. ಕಾಲೇಜಿನಿಂದ ಎರವಲು ತಂದ ಕ್ಯಾಮೆರಾದಲ್ಲಿ ಆ ಕಾರ್ಖಾನೆಯ ಹೆಂಗಸರದೇ ಮೊದಲ ಚಿತ್ರ ಮಾಡಿದಳು. ಆಮೇಲೆ ದ್ರಾಕ್ಷಿ ಕೊಯ್ಯುವವರದು. ಚಿತ್ರದಿಂದ ಹೊಟ್ಟೆ ತುಂಬುವುದಿಲ್ಲವೆಂದು ಪಾಠ ಹೇಳುತ್ತ ಊರೂರು ತಿರುಗಿದ್ದಳು. ಈಗ ಅವಳ ಊರಿನದೇ ಒಂದು ಕಾಲೇಜು, ಹೊಸ ಚಿತ್ರವೊಂದನ್ನು ಮಾಡಿಕೊಂಡು ಬಾ, ಸಿನಿಮಾ ಕಲಿಸುವ ಕಾಯಂ ಕೆಲಸ ಕೊಡುತ್ತೇವೆ ಎಂದಿತ್ತು. ಮನೆ ಬಿಟ್ಟು ದೂರ ಬಂದು ದುಡಿಯುವವರ ಬಗ್ಗೆ ಆ ಚಿತ್ರ ಎಂದು ಅವಳು ನಿಶ್ಚಯಿಸಿದ್ದಳು. ಜೂನಿನಲ್ಲಿ ಶಾಲೆ ಮುಗಿದರೆ ದೋಹಾ ಖಲಾಸ್. ಅಷ್ಟರೊಳಗೆ ಚಿತ್ರ ಆಗದಿದ್ದರೆ ಮತ್ತೆ ಪೆಟ್ಟಿಗೆ ಹೊತ್ತು ಅಲೆಯಬೇಕು.

ಶುಕ್ರವಾರ ಬೆಳಿಗ್ಗೆ ನಮ್ಮಲ್ಲಿ ಕೆಲವು ಹೆಂಗಸರಿಗೆ ಕ್ಯಾಮೆರಾ ಹಿಡಿಯಲು ಕಲಿಸುತ್ತಿದ್ದಳು. ಅವಳ ಮೊದಲ ಪಾಠ: ಚಿತ್ರ ತೆಗೆಯುವ ಮೊದಲು ಏನನ್ನೂ ಓರಣ ಮಾಡಬೇಡಿ. ನೀವೇ ಹೇಳಿ, ನಮ್ಮ ಕಡೆಯವರಿಂದ ಇದು ಆಗುವ ಕೆಲಸವೇ? ಅವಳು ಮನೆಗೆ ಬರುತ್ತಾಳೆಂದರೆ ನಾನು ಫ್ಯಾನಿನ ರೆಕ್ಕೆಯನ್ನೂ ಒರೆಸಿಡುತ್ತಿದ್ದೆ.

ಆಗ ನಮಗೆ ವಿಡಿಯೊ ಎಂದರೆ ಒಂದೇ ಅರ್ಥ, ಊರಿಗೆ ಕಳಿಸುವ ಕ್ಯಾಸೆಟ್ಟು. ಯಾರಾದರೂ ರಜೆಗೆ ಹೊರಟರೆ ಅವರ ಪೆಟ್ಟಿಗೆಯಲ್ಲಿ ಊರವರೆಲ್ಲರ ಕ್ಯಾಸೆಟ್ಟುಗಳಿರುತ್ತಿದ್ದವು. ಅದಕ್ಕೊಂದು ಪದ್ಧತಿಯೂ ಇತ್ತು. ಮೊದಲು ಕೋಟು ಹಾಕಿ ಸೋಫಾದ ಮೇಲೆ ಕೂರುವುದು. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದು ಸೇಬು ತೋರಿಸುವುದು. ಕಡೆಗೆ ಎ.ಸಿ.ಯ ಮುಂದೆ ನಿಂತು "ಇಲ್ಲಿ ಎಲ್ಲ ಕ್ಷೇಮ, ಚಿಂತೆ ಮಾಡಬೇಡಿ" ಎನ್ನುವುದು.

ಡೆಲ್ಫೀನಾಗೆ ಮಾತಾಡಲು ಒಪ್ಪಿದವನು ರಝಾಕ್, ನಜ್ಮಾ ಬಡಾವಣೆಯ ಟೈಲರು, ಉಳ್ಳಾಲದ ಕಡೆಯ ಬ್ಯಾರಿ. ಒಂದು ಕೋಣೆಯಲ್ಲಿ ಆರು ಜನರ ಜೊತೆ ಇದ್ದ. ಮಂಚದ ಮೇಲೆ ಮಂಚ, ಹಗ್ಗದ ಮೇಲೆ ಬಟ್ಟೆ, ಅದನ್ನೆಲ್ಲ ಅವಳು ಮೊದಲೇ ನೋಡಿ ಬಂದಿದ್ದಳು. ಇದೇ ನನ್ನ ಚಿತ್ರ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ತರ್ಜುಮೆಗೆಂದು ನಾನೂ ಹೋದೆ.

ಬಾಗಿಲು ತೆರೆದರೆ ಒಂದು ಮಂಚವೂ ಇಲ್ಲ. ಎಲ್ಲವನ್ನೂ ಮಾಳಿಗೆಗೆ ಸಾಗಿಸಿದ್ದರು. ನೆಲಕ್ಕೆ ಕೆಂಪು ಕಾರ್ಪೆಟ್ಟು, ನಡುವೆ ಒಂದು ಸೋಫಾ. ಸೋಫಾ ಎಲ್ಲೋ ನೋಡಿದಂತಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಅದರ ಕೈಯ ಮೇಲೆ ನಾನೇ ಚೆಲ್ಲಿದ ಚಹಾದ ಕಲೆ ಕಂಡಿತು. ನನ್ನ ಯಜಮಾನರು ಯಾರು ಕೇಳಿದರೂ ಇಲ್ಲವೆನ್ನದ ಪುಣ್ಯಾತ್ಮರು. ಡೆಲ್ಫೀನಾಳನ್ನು ಕರೆತರಲು ನಾನು ಮನೆ ಬಿಟ್ಟದ್ದೇ ತಡ, ಪಿಕಪ್ಪಿನಲ್ಲಿ ಸಾಗಿಸಿಬಿಟ್ಟಿದ್ದರು.

ಡೆಲ್ಫೀನಾಳ ಮುಖ ಇಳಿದುಹೋಯಿತು. ರಝಾಕ್ ಕೋಟಿನ ಗುಂಡಿ ಹಾಕಿ, ಕ್ಯಾಮೆರಾ ನೋಡಿ, "ಉಮ್ಮಾ, ಇಲ್ಲಿ ಎಲ್ಲ ಒಳ್ಳೇದುಂಟು" ಎಂದು ಶುರು ಮಾಡಿದ.

"ಇದು ನಿನ್ನ ತಾಯಿಗಲ್ಲ ಎಂದು ಹೇಳು. ನೋಡುವವರು ಅಪರಿಚಿತರು" ಎಂದಳು ಡೆಲ್ಫೀನಾ ನನ್ನ ಕಡೆ ತಿರುಗಿ.

"ಅಪರಿಚಿತರಲ್ಲಿ ಒಬ್ಬ ಊರಿನವ ಇದ್ರೆ ಎಂತ ಮಾಡುದು ಮೇಡಂ? ಅವ ಉಮ್ಮನಿಗೆ ಹೇಳದೆ ಇರ್ತಾನಾ? ಮಗ ಹೀಗೆ ಮಲಗುದು ಅಂತ ಗೊತ್ತಾದ್ರೆ ಅವರಿಗೆ ಅನ್ನ ಇಳಿಲಿಕ್ಕಿಲ್ಲ."

ಅವಳು ಕ್ಯಾಮೆರಾ ಆರಿಸಿ ಗೋಡೆಗೆ ಒರಗಿದಳು. ಜೂನ್ ಹತ್ತಿರವಿತ್ತು. ನನಗೆ ಅಯ್ಯೋ ಅನ್ನಿಸಿತು. ಆದರೆ ರಝಾಕನನ್ನು ತಪ್ಪೆನ್ನಲೂ ಮನಸ್ಸು ಬರಲಿಲ್ಲ.

ಅವನಿಗೂ ಪಾಪ ಅನ್ನಿಸಿರಬೇಕು. "ಮೇಡಂ, ನಿಮ್ಮ ಉಮ್ಮನಿಗೆ ಕ್ಯಾಸೆಟ್ ಕಳಿಸಿದ್ದುಂಟಾ?" ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. "ಹಾಗಾದ್ರೆ ಯಲ್ಲಾ, ಬನ್ನಿ, ಕೂತ್ಕೊಳ್ಳಿ. ಸೋಫಾ ಹೇಗೂ ಬಂದಿದೆ" ಎಂದ.

ಅವಳು ಕೂತಳು, ನಾನು ಕ್ಯಾಮೆರಾ ಹಿಡಿದೆ. ಓರಣ ಮಾಡಬೇಡಿ ಎನ್ನುತ್ತಿದ್ದವಳು ಅಂಗೈ ಒದ್ದೆ ಮಾಡಿ ಜಡೆ ನೀವಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು. ಸ್ಪ್ಯಾನಿಷಿನಲ್ಲಿ ತಾಯಿಗೆ ಹೇಳತೊಡಗಿದಳು. ಒಂದು ಪದವೂ ನನಗೆ ತಿಳಿಯಲಿಲ್ಲ, ವಿಷಯವೆಲ್ಲ ತಿಳಿಯಿತು. ಕೈ ಸೋಫಾವನ್ನು ತೋರಿಸಿತು, ಕಾರ್ಪೆಟ್ಟನ್ನು ತೋರಿಸಿತು, ಆಮೇಲೆ ಅವಳು ಎದ್ದು ಹೋಗಿ ರಝಾಕನ ಫ್ರಿಜ್ಜಿನ ಬಾಗಿಲನ್ನೂ ತೆರೆದಳು. ಎಲ್ಲ ತನ್ನದೇ ಎಂಬಂತೆ. ಸೇಬು ಕೈಯಲ್ಲಿ ಹಿಡಿದ ಮೇಲೆ ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಹೊಳೆಯಿತು. ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರಿತ್ತು, ನಗುವಿನದೊಂದೇ ಅಲ್ಲ. ನಾವೂ ನಕ್ಕೆವು. ಅಂಥ ಸಂತೋಷ ಆ ಊರಿನಲ್ಲಿ ನನಗೆ ಮತ್ತೆ ಸಿಗಲಿಲ್ಲ.

ಆಮೇಲೆ ಚಿತ್ರ ತಾನಾಗಿ ಆಯಿತು. ಮಂಚ ತೋರಿಸುವುದಿಲ್ಲವೆಂದು ಅವಳು ರಝಾಕನಿಗೆ ಮಾತು ಕೊಟ್ಟಳು, ಕೊಟ್ಟ ಮಾತು ಉಳಿಸಿಕೊಂಡಳು. ಚಿತ್ರದ ತುಂಬ ಬರೀ ಊರಿನ ಕ್ಯಾಸೆಟ್ಟಿಗೆ ಮಾಡುವ ತಯಾರಿ: ಮೆಟ್ಟಿಲಲ್ಲಿ ಅಡ್ಡಡ್ಡ ಏರುವ ಸೋಫಾ, ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ಹೋಗುವ ಒಂದೇ ಕೋಟು, ಸೇಬು ಹಿಡಿದ ಡೆಲ್ಫೀನಾ. ಅವಳು ಊರು ತಲುಪಿ ಫೋನ್ ಮಾಡಿದಳು. ಕೆಲಸ ಸಿಕ್ಕಿತ್ತು. "ಮೊದಲ ಪಾಠ ಬದಲಾಗಿದೆ. ಓರಣ ಮಾಡಿಕೊಳ್ಳಲಿ, ನೀವು ಅದನ್ನೇ ಚಿತ್ರ ತೆಗೆಯಿರಿ ಎಂದು ಹೇಳಿಕೊಡುತ್ತಿದ್ದೇನೆ" ಎಂದಳು.

ಮಂಚ ಕಾಣುವುದಿಲ್ಲವಲ್ಲ ಎಂದು ರಝಾಕನೇ ಕಳಿಸಿದ ಒಂದು ಪ್ರತಿಯನ್ನು, ರಜೆಗೆ ಊರಿಗೆ ಹೊರಟಾಗ, ಅವನ ಉಮ್ಮನಿಗೆ ಕೊಂಡುಹೋದವಳು ನಾನೇ. ಅವರು ಚಾಪೆಯ ಮೇಲೆ ಕೂತು ಟಿ.ವಿ.ಯಲ್ಲಿ ನೋಡಿದರು. ಸೋಫಾ ಮೆಟ್ಟಿಲೇರುವಾಗ ಸೆರಗು ಬಾಯಿಗೊತ್ತಿ ನಕ್ಕರು.

"ಈ ಸೋಫಾ ನನಗೆ ಗುರ್ತ ಉಂಟು. ಆಚೆ ಮನೆಯ ಮಗನ ಕ್ಯಾಸೆಟ್ಟಿನಲ್ಲೂ ಇದೇ, ಮಸೀದಿ ಹತ್ತಿರದವರ ಅಳಿಯನದರಲ್ಲೂ ಇದೇ. ಕೋಟು ಸಹ" ಎಂದರು.

"ಹಾಗಾದರೆ ನಿಮಗೆಲ್ಲ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ? ನಾವು ನೋಡುದು ಸೋಫಾವನ್ನಾ ಮಗಾ? ಮುಖ ಬಾಡಿದೆಯಾ ಅಂತ ನೋಡುದು. ಅವನಿಗೆ ಹೇಳ್ಬೇಡ, ಪಾಪ, ಅಷ್ಟು ಭಾರ ಹೊತ್ತಿದ್ದಾನೆ."

ಮಗನಿಗೆ ಅವರ ಉತ್ತರವನ್ನು ತೆಗೆದುಕೊಂಡು ಹೋಗೋಣವೆಂದು ನಾನು ಜೊತೆಗೆ ತಂದಿದ್ದ ಕ್ಯಾಮೆರಾ ಎತ್ತಿದೆ. "ಸ್ವಲ್ಪ ತಡಿ" ಎಂದವರೇ ಪಕ್ಕದ ಮನೆಗೆ ಹೋಗಿ, ಕೊರಳಿಗೆ ದಪ್ಪ ಸರ ಹಾಕಿಕೊಂಡು ಬಂದರು.

ಈಗ ನನ್ನ ಮಗಳೇ ದೋಹಾದಲ್ಲಿ ಕೆಲಸಕ್ಕಿದ್ದಾಳೆ. ವಾರವಾರ ವಿಡಿಯೊ ಕಾಲ್ ಮಾಡುತ್ತಾಳೆ, ಯಾವಾಗಲೂ ಅದೇ ಮೂಲೆಯಿಂದ, ಹಿಂದೆ ಅದೇ ಚೆಂದದ ಪರದೆ. ಫೋನು ತಿರುಗಿಸಿ ಕೋಣೆ ತೋರಿಸು ಎಂದು ಪ್ರತಿಸಲ ಕಾಡುತ್ತಿದ್ದೆ. ಇವತ್ತು ಕೇಳಲಿಲ್ಲ. "ಪರದೆ ಚೆನ್ನಾಗಿದೆ" ಎಂದೆ. ಕನ್ನಡಕ ಹಾಕಿಕೊಂಡು ಅವಳ ಮುಖವನ್ನು ನೋಡುತ್ತ ಕೂತೆ.