ಗುಲಾಬಿಗೆ ಹೋಗುವ ತೀರ್ಥ

ಅಮೆರಿಕದ ಕ್ಯಾಂಟನ್ ಊರಿನ ಹಯವದನರಾಯರ ನೌಕರಿಯೇ ತಪ್ಪು ಹಿಡಿಯುವುದು. ಕಾರಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರು. ಬೇರೆಯವರು ಮಾಡಿದ ಕೆಲಸದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅವರ ಕಣ್ಣು ತಪ್ಪಿಸುವಂತಿಲ್ಲ. ಸ್ವಂತ ಮನೆಯ ಮಾತು ಬೇರೆ ಬಿಡಿ.

ಬೇಸ್‌ಮೆಂಟಿನಲ್ಲಿ ದೇವರಮನೆ ಕಟ್ಟಿಸುವಾಗ ಹೆಂಡತಿ ಇಂದುಮತಿಯದು ಒಂದೇ ಕರಾರು. ಕೃಷ್ಣನ ಅಭಿಷೇಕದ ನೀರು ತುಳಿಯುವ ಜಾಗಕ್ಕೆ ಬೀಳಬಾರದು, ಮೋರಿಗಂತೂ ಸೇರಲೇಬಾರದು; ಬೇರೆ ಪೈಪಿನಲ್ಲಿ ಹಿತ್ತಲ ಗುಲಾಬಿ ಗಿಡಗಳಿಗೆ ಹೋಗಬೇಕು. ರಾಯರು ಹೂಂ ಅಂದರು. ಅದಕ್ಕೊಂದು ಪಂಪು ಬೇಕು, ಹಿತ್ತಲು ಅಗೆಯಬೇಕು, ಯಾರಿಗೆ ಬೇಕು ಈ ತಾಪತ್ರಯ ಎಂದು ಅಭಿಷೇಕದ ಬೋಗುಣಿಯ ಪೈಪನ್ನು ಸದ್ದಿಲ್ಲದೆ ಮನೆಯ ಮೋರಿ ಪೈಪಿಗೇ ಸೇರಿಸಿಬಿಟ್ಟರು. ನೆಲದಡಿಯ ನೀರು ಮೇಲಿನ ಹಿತ್ತಲಿಗೆ ಹೇಗೆ ಹತ್ತುತ್ತದೆ ಎಂದು ಕೇಳುವಷ್ಟು ಅನುಮಾನ ಆ ಹೆಂಗಸಿಗೆ ಗಂಡನ ಮೇಲಿರಲಿಲ್ಲ. ಗುಲಾಬಿಯೋ, ವರ್ಷವರ್ಷವೂ ಮೈತುಂಬ ಹೂ ಬಿಟ್ಟಿತು. “ಎಲ್ಲಾ ನಮ್ಮ ಕೃಷ್ಣನ ತೀರ್ಥದ ಮಹಿಮೆ” ಎಂದು ಆಕೆ ಬಂದವರಿಗೆಲ್ಲ ತೋರಿಸುವಾಗ ರಾಯರು ಫೋನು ನೋಡುತ್ತಿರುತ್ತಿದ್ದರು.

ಹೋದ ಅಕ್ಟೋಬರಿನಲ್ಲಿ ಮೇಪಲ್ ಮರದ ಬೇರು ಮೋರಿ ಪೈಪಿಗೆ ನುಗ್ಗಿ ಬಚ್ಚಲ ನೀರು ಮನೆಯೊಳಗೇ ಉಕ್ಕಿತು. ನೆಲ ಒಡೆದರೆ ದೇವರನ್ನು ಎಬ್ಬಿಸಬೇಕು, ಅದು ಕೂಡದು ಎಂದು ಇಂದುಮತಿ ಹಟ ಹಿಡಿದರು. ಸರಿ, ಅಗೆಯದೆ ರಿಪೇರಿ ಮಾಡುವವರು ಬಂದರು. ಅಂಟಿನಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೇ ಪೈಪಿನೊಳಗೆ ತೂರಿಸಿ, ಗಾಳಿ ತುಂಬಿ ಉಬ್ಬಿಸುತ್ತಾರೆ. ಅದು ಗಟ್ಟಿಯಾದರೆ ಹಳೆಯದರ ಹೊಟ್ಟೆಯಲ್ಲೇ ಹೊಸ ಪೈಪು. ಪಕ್ಕದಿಂದ ಬಂದು ಸೇರುವ ಪೈಪುಗಳ ಬಾಯಿ ಆಗ ಮುಚ್ಚಿಹೋಗುತ್ತದಲ್ಲ, ಅವನ್ನು ಒಳಗಿನಿಂದಲೇ ಕೊರೆದು ತೆರೆಯುತ್ತಾರೆ. ಯಾವುದನ್ನು ತೆರೆಯಬೇಕೆಂದು ಮನೆಯವರು ಹೇಳಬೇಕು.

ಮೊದಲು ಕ್ಯಾಮೆರಾ ಇಳಿಸಿದ ಟೆಕ್ನಿಷಿಯನ್ ಪರದೆ ತೋರಿಸಿ, ಈ ಮೂಲೆಯಿಂದ ಸಣ್ಣದೊಂದು ಪೈಪು ಬಂದು ಸೇರಿದೆ, ಇದು ಯಾವುದು ಎಂದು ಕೇಳಿದ. ಇಂದುಮತಿ ಪಕ್ಕದಲ್ಲೇ ನಿಂತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅದು ಹಳೆಯದು, ಉಪಯೋಗವಿಲ್ಲ, ಮುಚ್ಚಿಬಿಡಿ ಎಂದರು ರಾಯರು.

“ನಮ್ಮ ತೀರ್ಥದ ಪೈಪ್‌ಗೇನೂ ಆಗಲ್ವಂತಾ, ಕೇಳ್ರೀ,” ಎಂದರು ಇಂದುಮತಿ.

“ಅದೇ ಬೇರೆ ಲೈನ್ ಕಣೆ. ಏನೂ ಆಗಲ್ಲ.”

ಮುಚ್ಚಿದ ಪೈಪಿಗೆ ನೀರು ಬಿಟ್ಟರೆ ದೇವರಮನೆಯಲ್ಲೇ ಉಕ್ಕುತ್ತದೆ. ರಾಯರು ಬೋಗುಣಿಯ ಕೆಳಗಿನ ಕಪಾಟಿನಲ್ಲಿ ಪೈಪು ಬಿಚ್ಚಿ ಬಕೆಟ್ ಇಟ್ಟರು. ಹೆಂಡತಿ ಪೂಜೆ ಮುಗಿಸಿ ಅಡುಗೆಮನೆಗೆ ಹತ್ತಿದ್ದೇ ತಡ, ಬಕೆಟ್ ಹಿಡಿದು ವಾಕಿಂಗ್ ನೆಪದಲ್ಲಿ ಹೊರಗೆ. ಬಚ್ಚಲಿಗೆ ಚೆಲ್ಲಬಹುದಿತ್ತು. ಆದರೆ ಕೈಯಾರೆ ಹೊತ್ತ ತೀರ್ಥವನ್ನು ಹಾಗೆ ಚೆಲ್ಲಲು ಅವರಿಗೆ ಧೈರ್ಯ ಬರಲಿಲ್ಲ. ಕಿವಿ ಉದುರಿಹೋಗುವಂಥ ಚಳಿಯಲ್ಲೂ, ಮಂಡಿಯುದ್ದ ಹಿಮದಲ್ಲೂ, ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಬೆರೆತ ಆ ನೀರನ್ನು ಗುಲಾಬಿಯ ಬುಡಕ್ಕೇ ಸುರಿದರು. ಅಂತೂ ಸುಳ್ಳು ನಿಜವಾಯಿತು. ಮನಸ್ಸಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಸುರಿಯುವಾಗ ಎರಡು ಶ್ಲೋಕ ಬೇರೆ ಹೇಳಿಕೊಳ್ಳತೊಡಗಿದರು.

ಮೇ ತಿಂಗಳಲ್ಲಿ ಇಡೀ ಬಡಾವಣೆಯ ಗುಲಾಬಿಗಳು ಚಿಗುರಿದವು. ಇವರ ಹಿತ್ತಲಲ್ಲಿ ಮಾತ್ರ ಬರೀ ಕಡ್ಡಿ. ಬುಡದಲ್ಲಿ ಇರುವೆ, ಹುಳಿ ವಾಸನೆ, ಜೇನಿನಾಸೆಗೆ ರಕೂನ್ ಪ್ರಾಣಿ ಕೆದರಿದ ಗುಂಡಿ. ಇಷ್ಟು ವರ್ಷ ತೀರ್ಥ ಕಾಣದೆ ಸುಖವಾಗಿದ್ದ ಗಿಡಗಳು ಒಂದೇ ಚಳಿಗಾಲದ ಪಂಚಾಮೃತಕ್ಕೆ ಸತ್ತುಹೋಗಿದ್ದವು.

ಇಂದುಮತಿ ಒಣಕಡ್ಡಿಗಳ ಮುಂದೆ ಕೂತು ಅತ್ತರು. ರಾಯರು ಹತ್ತಿರ ಬಂದರು. ಇನ್ನು ಸಾಕು, ಹೇಳಿಯೇಬಿಡೋಣ ಎಂದು ಬಾಯಿ ತೆರೆದರು.

“ನಂಗೆ ಗೊತ್ತಾಯ್ತು ರೀ,” ಎಂದರು ಆಕೆ ಕಣ್ಣೊರೆಸಿಕೊಳ್ಳುತ್ತ. “ಆ ಪೈಪಿನವರದೇ ಕೆಲಸ. ನಮ್ಮ ಲೈನ್ ಕೆಡಿಸಿ ಹೋಗಿದಾರೆ. ಈ ವರ್ಷ ಒಂದು ತೊಟ್ಟು ತೀರ್ಥಾನೂ ಗಿಡಕ್ಕೆ ಬಂದಿಲ್ಲ.”

ರಾಯರು ರಕೂನ್ ಕೆದರಿದ ಗುಂಡಿಯನ್ನು ಕಾಲಿನಿಂದಲೇ ಮುಚ್ಚತೊಡಗಿದರು.

“ನಾನೇ ಫೋನ್ ಮಾಡಿದೀನಿ. ಸೋಮವಾರ ಬರ್ತಾರೆ. ದೇವರನ್ನ ಮೇಲಕ್ಕೆ ತಂದಿಡೋಣ; ನೆಲ ಪೂರ್ತಿ ಅಗೆದೇ ನೋಡಲಿ.”