ನೊರೆ ಬಾರದ ನೀರು

ನಾನು ಪಾಠ ಮಾಡುವ ಸರ್ಕಾರಿ ಶಾಲೆ ಆವನಿ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿದೆ. ಮುಳಬಾಗಿಲಿನ ಮನೆಯಿಂದ ದಿನಾ ಬಸ್ಸಲ್ಲಿ ಹೋಗಿ ಬರುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನನ್ನ ಜೊತೆ. ಪ್ರಯೋಗಕ್ಕೆ ಅಂತ ಶಾಲೆಯಲ್ಲಿ ಒಂದು ಗಾಜಿನ ಲೋಟವೂ ಇಲ್ಲ. ಹಾಗಾಗಿ ಅಡುಗೆಮನೆಯಿಂದಲೇ ಏನಾದರೂ ಒಯ್ಯುತ್ತೇನೆ. ಅರಿಶಿನ ಬಳಿದ ಕಾಗದಕ್ಕೆ ಸುಣ್ಣದ ನೀರು ತಾಗಿಸಿ ಕೆಂಪು ಮಾಡಿದ್ದೇವೆ, ಉಪ್ಪುನೀರಲ್ಲಿ ಮೊಟ್ಟೆ ತೇಲಿಸಿದ್ದೇವೆ.

ಕಳೆದ ಮಳೆಗಾಲದಲ್ಲಿ ನೀರಿನ ಪಾಠ ಬಂತು. ಮೈಗೆ ಹಚ್ಚುವ ಸೋಪನ್ನು ತುರಿದು, ನೀರಲ್ಲಿ ಕರಗಿಸಿ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಒಂದೇ ಅಳತೆಯ ಮೂರು ಬಾಟಲಿ ಇಟ್ಟೆವು. ಒಂದರಲ್ಲಿ ಚಾವಣಿಯ ಶೀಟಿನಿಂದ ಇಳಿದ ಮಳೆನೀರು, ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಅದೇ ಬೋರ್ ನೀರನ್ನು ಶುದ್ಧ ಮಾಡಿ ಕೊಡುವ ಶಾಲೆಯ ಆರ್.ಒ. ಫಿಲ್ಟರ್ ನೀರು. ಮೂರಕ್ಕೂ ಒಂದೊಂದು ಚಮಚ ಸೋಪುನೀರು ಹಾಕಿ, ಇಪ್ಪತ್ತು ಎಣಿಸುವವರೆಗೆ ಅಲ್ಲಾಡಿಸಬೇಕು. ಗಡಸು ನೀರಿಗೆ ನೊರೆ ಬರಲ್ಲ, ಮೆದು ನೀರಿಗೆ ಬರುತ್ತೆ. ಅಷ್ಟೇ ಪಾಠ.

ಮಳೆನೀರಿನ ಬಾಟಲಿ ಕತ್ತಿನವರೆಗೂ ನೊರೆಯಾಯಿತು. ಬೋರ್ ನೀರು ಒಡೆದ ಹಾಲಿನ ಹಾಗೆ ಬಿಳಿ ಬಿಳಿ ಚೂರು ಕಟ್ಟಿತು. ಫಿಲ್ಟರ್ ನೀರಿನ ಬಾಟಲಿ ಎರಡನೇ ತರಗತಿಯ ಒಬ್ಬ ಹುಡುಗಿಯ ಕೈಯಲ್ಲಿತ್ತು. ಮನೆಯಲ್ಲಿ ತೆಲುಗು ಆಡುವ ಮಗು.

"ನುರಗೇ ರಾಲೇದು ಮಿಸ್!" ಅಂತ ಕೂಗಿದಳು. ಆಮೇಲೆ ನನಗೆ ಅರ್ಥವಾಗಲಿಲ್ಲವೇನೋ ಅಂತ, "ನೊರೆನೇ ಬಂದಿಲ್ಲ" ಅಂದಳು.

ಅದರಲ್ಲೂ ಅದೇ ಬಿಳಿ ಚೂರು. ಬಾಟಲಿ ತೊಳೆದು ಮತ್ತೆ ಮಾಡಿಸಿದೆ. ಮತ್ತೂ ಅದೇ.

"ಮಿಸ್, ನಿಮ್ಮ ಬಾಟ್ಲಿ ನೀರಿಗೂ ಹಾಕೋಣ?" ಅಂತ ಅವಳೇ ಕೇಳಿದಳು.

ನಾನು ಕುಡಿಯುವ ನೀರನ್ನು ಮನೆಯ ಫಿಲ್ಟರಿನಿಂದಲೇ ತುಂಬಿ ತರುತ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಹಾಕಿದೆವು. ನೊರೆ ಉಕ್ಕಿ ಅವಳ ಮೊಣಕೈವರೆಗೂ ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಐದು ವರ್ಷ ಶಾಲೆಯ ಮಕ್ಕಳ ಕಣ್ಣೆದುರೇ ಬೇರೆ ನೀರು ಕುಡಿದಿದ್ದೆ. ಶಾಲೆಯ ನೀರು ಹೇಗಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಆ ಹುಡುಗಿಯ ಅಜ್ಜಿಯೇ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಅವರನ್ನು ಕೇಳಿದೆ. "ಆ ನೀರಲ್ಲಿ ಬೇಳೆನೇ ಬೇಯಲ್ಲ ಮಿಸ್. ಎಷ್ಟ್ ಸಲ ಹೇಳಿದ್ದೀನಿ ಹೆಡ್‌ಮೇಷ್ಟ್ರಿಗೆ. ಬೇಳೆ ಹಳೇದು ಬಿಡಮ್ಮ ಅಂತಾರೆ" ಅಂದರು.

ನಾಲ್ಕೂ ಬಾಟಲಿ ಹಿಡಿದು ಹೆಡ್‌ಮೇಷ್ಟ್ರ ಕೋಣೆಗೆ ಹೋದೆ. ಅವರು ಬಾಟಲಿ ಕಡೆ ನೋಡಲೂ ಇಲ್ಲ.

"ಸೋಪು ಹಾಕಿ ನೀರು ಟೆಸ್ಟ್ ಮಾಡೋಕೆ ನೀವೇನು ಲ್ಯಾಬಾ ಮೇಡಂ?"

"ಸಾರ್, ಫಿಲ್ಟರ್ ನೀರಿಗೂ ಬೋರ್ ನೀರಿಗೂ ವ್ಯತ್ಯಾಸನೇ ಇಲ್ಲ."

"ಪುಸ್ತಕದಲ್ಲಿ ಇರೋದನ್ನ ಪಾಠ ಮಾಡಿ. ಚಿಕ್ಕ ಮಕ್ಕಳ ತಲೇಲಿ ಇದನ್ನೆಲ್ಲ ತುಂಬಬೇಡಿ."

ಬಾಟಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವರ ಮೇಜಿನ ಕೆಳಗೆ ಇಪ್ಪತ್ತು ಲೀಟರಿನ ಕ್ಯಾನ್ ನೀರಿತ್ತು. ಕಿರುಚಬೇಕಿತ್ತು, ಕಿರುಚಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆದರೆ ಮಕ್ಕಳ ಬಾಯಿಗೆ ಬೀಗ ಹಾಕೋಕಾಗುತ್ತದಾ? ಊರಿನ ಮನೆಮನೆಯಲ್ಲೂ ಸೋಪು, ಬಾಟಲಿ ಅಲ್ಲಾಡಿದವು. ಮೂರನೇ ದಿನ ಅಜ್ಜಿ ಹತ್ತು ಹನ್ನೆರಡು ತಾಯಂದಿರನ್ನು ಕಟ್ಟಿಕೊಂಡು ಶಾಲೆಗೇ ಬಂದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದನ್ನು ಬಿಟ್ಟು ಬಂದಿದ್ದರು. ಪಂಚಾಯ್ತಿ ಸದಸ್ಯರನ್ನೂ ಕರೆತಂದಿದ್ದರು. ಜಗಲಿ ಮೇಲೆ ಬಾಟಲಿ ಸಾಲಾಗಿ ಇಟ್ಟು, ಮೊಮ್ಮಗಳ ಕೈಯಲ್ಲೇ ಎಲ್ಲ ಮಾಡಿಸಿದರು. ಅವಳು ಇಪ್ಪತ್ತರವರೆಗೆ ಜೋರಾಗಿ ಎಣಿಸಿದಳು. ಸದಸ್ಯರು ಫೋನ್ ತೆಗೆದು ಮೆಕ್ಯಾನಿಕ್‌ಗೆ ಕರೆ ಮಾಡಿದರು.

ಮಾರನೇ ದಿನ ಮೆಕ್ಯಾನಿಕ್ ಬಂದು ಫಿಲ್ಟರಿನ ಮುಚ್ಚಳ ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ಬೋರಿನ ಪೈಪನ್ನೇ ನೇರವಾಗಿ ನಲ್ಲಿಗೆ ಜೋಡಿಸಿದ್ದರು. "ಎರಡು ವರ್ಷ ಆಯ್ತಲ್ಲ ಮೇಡಂ, ಕೆಟ್ಟೋಯ್ತು ಅಂತ ಬಿಚ್ಚಿಟ್ಟಿದ್ದು. ಶಾಲೆಯಿಂದ ಯಾರೂ ಕೇಳ್ಲೇ ಇಲ್ಲ" ಅಂದ. ಪ್ರತಿ ತಿಂಗಳೂ 'ಫಿಲ್ಟರ್ ಸುಸ್ಥಿತಿಯಲ್ಲಿದೆ' ಅಂತ ಬರೆದು ಸಹಿ ಹಾಕಿದ್ದು ಹೆಡ್‌ಮೇಷ್ಟ್ರೇ. ಫ್ಲೋರೈಡ್ ಇರುವ ಬೋರ್ ನೀರು ಕುಡಿದು ಊರಲ್ಲಿ ದೊಡ್ಡವರ ಹಲ್ಲೆಲ್ಲ ಕಂದುಗಟ್ಟಿವೆ ಅಂತಲೇ ಶಾಲೆಗೆ ಆ ಫಿಲ್ಟರ್ ಹಾಕಿಸಿದ್ದು. ಅದು ಹೆಡ್‌ಮೇಷ್ಟ್ರಿಗೂ ಗೊತ್ತಿತ್ತು.

ಹದಿನೈದು ದಿನದಲ್ಲಿ ಹೊಸ ಫಿಲ್ಟರ್ ಬಂತು. ಅದರ ಹಿಂದೆಯೇ ಹೆಡ್‌ಮೇಷ್ಟ್ರಿಂದ ನನಗೊಂದು ನೋಟಿಸ್ ಬಂತು. ಮಕ್ಕಳಲ್ಲಿ ಶಾಲೆಯ ಬಗ್ಗೆ ಅಪನಂಬಿಕೆ ಮೂಡಿಸಿದ್ದಕ್ಕೆ ಕಾರಣ ಬರೆದು ಕೊಡಬೇಕಂತೆ.

"ಎರಡು ಸಾಲು ತಪ್ಪಾಯ್ತು ಅಂತ ಬರೀರಿ ಮೇಡಂ, ಇಲ್ಲಿಗೇ ಮುಗಿಸೋಣ. ಈಗೆಲ್ಲ ಸರಿಹೋಯ್ತಲ್ಲ" ಅಂದರು ಹೆಡ್‌ಮೇಷ್ಟ್ರು.

"ನಿಮ್ಮ ಮೊಮ್ಮಕ್ಕಳು ಈ ಶಾಲೇಲಿದ್ದಿದ್ರೆ ಫಿಲ್ಟರ್ ಸುಸ್ಥಿತಿಯಲ್ಲಿದೆ ಅಂತ ಸಹಿ ಹಾಕ್ತಿದ್ರಾ ಸಾರ್?" ಅಂತ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಒಂದು ಹಾಳೆ ತೆಗೆದುಕೊಂಡು, ಸೋಪು ತುರಿದಲ್ಲಿಂದ ಹಿಡಿದು ಆವತ್ತು ತರಗತಿಯಲ್ಲಿ ಮಾಡಿದ್ದಷ್ಟನ್ನೂ ಸಾಲಾಗಿ ಬರೆದೆ. ನಾನು ಬೇರೆ ನೀರು ಕುಡಿಯುತ್ತಿದ್ದುದನ್ನೂ ಬರೆದೆ. ತಪ್ಪಾಯ್ತು ಅನ್ನುವ ಮಾತನ್ನು ಅದೊಂದಕ್ಕೆ ಮಾತ್ರ ಬಳಸಿದೆ.